ತಟ್ಟೆಯಲ್ಲಿಟ್ಟ ಬೋಲ್ಟುಗಳು

ಸೆಪ್ಟೆಂಬರ್ 29, ಸೋಮವಾರ
ಮತ್ತೆ ಕರೆಂಟಿಲ್ಲ. ಲೇತ್ ನಿಂತಿದೆ. ಪೀಣ್ಯದ ನಮ್ಮ ಸಾಲಿನ ಶೆಡ್‌ಗಳನ್ನೆಲ್ಲ ಹಬ್ಬಕ್ಕೆ ತೊಳೆಯುತ್ತಿದ್ದಾರೆ. ನಾವೂ ತೊಳೆದೆವು. ಮಂಡಿ ಮಾತು ಕೇಳುತ್ತಿಲ್ಲ.

ಮಾಕಳಿಯ ರಾಮಾಂಜಿನಪ್ಪನವರ ರೈಫಲ್‌ಗೆ ಹೊಸ ಬ್ಯಾರಲ್ ಕೂತಿತು ಎಂದ ಮಗ ಗುರುರಾಜ. ಹಳೆಯದನ್ನು ತುಕ್ಕು ತಿಂದಿತ್ತು. ಅವನು ಪೂರ್ತಿ ಒಬ್ಬನೇ ಕೂರಿಸಿದ ಮೊದಲ ಬ್ಯಾರಲ್. ಇದು ಸರಿಯಾದರೆ ಬಂದೂಕು ರಿಪೇರಿ ಲೈಸೆನ್ಸಿಗೆ ಅವನ ಹೆಸರು ಸೇರಿಸುತ್ತೇನೆ — ಮಾತು ಕೊಟ್ಟಿದ್ದೇನೆ. ಯಜಮಾನರು ಹೋದ ಮೇಲೆ ಅದು ನನ್ನೊಬ್ಬಳ ಹೆಸರಿನಲ್ಲೇ ಇದೆ. ನಲವತ್ತು ದಾಟಿದ ಮಗ ಗಿರಾಕಿಗಳಿಗೆ ಇನ್ನೂ "ಅವ್ವನ್ನ ಕೇಳಿ" ಅನ್ನುತ್ತಾನೆ.

"ಗೇಜ್ ಹಾಕಿ ನೋಡವ್ವಾ."

"ಪೂಜೆ ಮುಗೀಲಿ."

ಅಕ್ಟೋಬರ್ 1, ಬುಧವಾರ
ಆಯುಧಪೂಜೆ ಆಯಿತು. ಎಲ್ಲ ರೈಫಲ್‌ಗಳ ಬೋಲ್ಟ್ — ಗುಂಡಿನ ಹಿಂದೆ ಮುಚ್ಚುವ, ಹಿಡಿ ಇರುವ ಅಗುಳಿ — ಬಿಚ್ಚಿ ಹಿತ್ತಾಳೆ ತಟ್ಟೆಯಲ್ಲಿ ಸಾಲಾಗಿ ಇಟ್ಟೆ. ಬೋಲ್ಟ್ ಹಾಕಿದ ಬಂದೂಕನ್ನು ದೇವರ ಮುಂದೆ ಇಡಬಾರದು — ಯಜಮಾನರ ಪದ್ಧತಿ. ವಿಭೂತಿ ಕುಂಕುಮ ಹಚ್ಚುವುದು, ಎತ್ತಿ ಮರಳಿ ಹಾಕುವುದು ಮನೆಯ ಹಿರಿಯರೇ.

"ನಾನು ಹಾಕ್ಲಾ ಅವ್ವಾ?"

"ತಟ್ಟಿ ಮುಟ್ಟಬ್ಯಾಡ."

ಊದುಬತ್ತಿ ಹೊಗೆಗೆ ಕಣ್ಣು ಉರಿ. ಕನ್ನಡಕ ತೆಗೆದಿಟ್ಟು, ಎಲ್ಲ ನಾನೇ ಹಾಕಿ ಮುಗಿಸಿದೆ. ಸುಸ್ತು.

ಅಕ್ಟೋಬರ್ 3, ಶುಕ್ರವಾರ
ಯಜಮಾನರು ನನಗೆ ಕಲಿಸಿದ್ದು ಇಷ್ಟೇ: ಗುಂಡು ಕೂರುವ ಜಾಗದಲ್ಲಿ ಗೋ ಗೇಜ್ ಎಂಬ ಅಳತೆಯ ಉಕ್ಕಿನ ತುಂಡು ಇಟ್ಟರೆ ಬೋಲ್ಟ್ ಮುಚ್ಚಬೇಕು. ಅದಕ್ಕಿಂತ ತುಸು ಉದ್ದದ ನೋ-ಗೋ ಇಟ್ಟರೆ ಮುಚ್ಚಬಾರದು. ಮುಚ್ಚಿತೋ, ಹಿಂದೆ ಜಾಗ ಹೆಚ್ಚಾಗಿದೆ ಎಂದರ್ಥ. ತೋಟಾ ಸೀಳಿ, ಬೆಂಕಿ ಹೊಡೆದವನ ಮುಖಕ್ಕೇ ಬರುತ್ತದೆ.

ರಾಮಾಂಜಿನಪ್ಪನವರ ರೈಫಲ್‌ಗೆ ನೋ-ಗೋ ಇಟ್ಟೆ. ಬೋಲ್ಟ್ ಸಲೀಸಾಗಿ ಮುಚ್ಚಿತು.

ಗುರುರಾಜ ಬಗ್ಗಿ ನೋಡಿದ. "ಹಬ್ಬದ ಮುಂಚೆ ನಿಂತಿತ್ತವ್ವಾ. ನಾನೇ ನೋಡಿದ್ದೀನಿ."

"ಉಕ್ಕು ಎರಡು ದಿನದಾಗ ಬೆಳೀತೇನಲೇ? ಮಳಿ ಬಂದಿತ್ತೇನು ಅದಕ್ಕ?"

ಪಕ್ಕದ ಶೆಡ್ಡಿನವರಿಗೂ ಕೇಳಿಸುವಷ್ಟು ಜೋರಾಗಿಯೇ ಅಂದೆ. ಬ್ಯಾರಲ್ ಬಿಚ್ಚಿ, ಹಿಂಬದಿ ಕತ್ತರಿಸಿ, ಇನ್ನಷ್ಟು ಒಳಗೆ ಕೂರಿಸು ಎಂದೆ. ಲೈಸೆನ್ಸಿನ ಮಾತು ಮುಂದಿನ ವರ್ಷಕ್ಕೆ.

ಅಕ್ಟೋಬರ್ 6, ಸೋಮವಾರ
ಬ್ಯಾರಲ್ ಬಿಚ್ಚಿ ಲೇತಿಗೆ ಕಟ್ಟಿದ್ದಾನೆ. ಕತ್ತರಿಸಿಲ್ಲ. ಅದರ ಮುಂದೆ ಸ್ಟೂಲ್ ಹಾಕಿಕೊಂಡು ಕೂತಿದ್ದಾನೆ.

"ಯಾಕ, ಮುಹೂರ್ತ ಬೇಕಾ?"

"ಕತ್ತರಿಸಿದ್ದು ಮತ್ತೆ ಅಂಟಲ್ಲವ್ವಾ. ನನ್ನ ಅಳತೆ ಸರಿ ಇತ್ತು."

ಸೊಕ್ಕು. ಯಾರದ್ದು ಬಂತೋ. ದಾಸರಹಳ್ಳಿಯ ಮನೆಯಲ್ಲಿ ಇಬ್ಬರೂ ರೊಟ್ಟಿ ತಿಂದೆವು. ಬುಧವಾರದೊಳಗೆ ಕತ್ತರಿಸದಿದ್ದರೆ ಬೇರೆಯವರ ಹತ್ತಿರ ಮಾಡಿಸುತ್ತೇನೆ ಎಂದು ಎದ್ದು ಕೈ ತೊಳೆದೆ.

ಅಕ್ಟೋಬರ್ 8, ಬುಧವಾರ, ಸಂಜೆ
ಬೆಳಿಗ್ಗೆ ಆನೇಕಲ್ಲಿನಿಂದ ಭದ್ರಮ್ಮ ಬಂದರು. ಸರ್ವೀಸಿಗೆ ಕೊಟ್ಟಿದ್ದ ಅವರ ರೈಫಲನ್ನು ಹಬ್ಬದ ಮರುದಿನ ಒಯ್ದಿದ್ದರು. ರಾಮಾಂಜಿನಪ್ಪನವರದ್ದೂ ಅದೇ ಮಾಡೆಲ್.

"ಏನ್ ಮಾಂತಮ್ಮನೋರೇ, ಎಣ್ಣೆ ಆಕ್ಕೊಡಿ ಅಂದ್ರೆ ಬೀಗ ಆಕ್ಕೊಟ್ಟಿದೀರಾ? ಮದ್ಲು ಬೆಣ್ಣೆಯಂಗೆ ಓಡ್ತಿತ್ತು. ಈಗ ಮುಚ್ಚಾಕೇ ಆಗಾಕಿಲ್ಲ."

ಕನ್ನಡಕ ಹಾಕಿಕೊಂಡೆ. ಪ್ರತಿ ಬೋಲ್ಟಿನ ಹಿಡಿಯ ಮೇಲೂ ಅದರ ರೈಫಲ್ಲಿನ ನಂಬರ್ ಕೊರೆದಿರುತ್ತದೆ; ಓದಿದೆ. ಅಂಕಿಗಳ ಗೀರಿನಲ್ಲಿ ಕುಂಕುಮ ಇನ್ನೂ ಉಳಿದಿತ್ತು. ಅವರ ನಂಬರಲ್ಲ. ರಾಮಾಂಜಿನಪ್ಪನವರದ್ದು. ಶುಕ್ರವಾರ ನೋ-ಗೋ ಮೇಲೆ ಮುಚ್ಚಿದ್ದು ಭದ್ರಮ್ಮನ ಬೋಲ್ಟ್. ತಟ್ಟೆಯಿಂದ ಎತ್ತಿ ಅದಲುಬದಲು ಹಾಕಿದ ಕೈ ನನ್ನದೇ.

ಅಷ್ಟರಲ್ಲಿ ಒಳಗೆ ಲೇತ್ ಶುರುವಾದ ಸದ್ದು.

ಮಂಡಿ ಇದೆ ಎನ್ನುವುದೇ ಮರೆತು ಒಳಗೆ ಓಡಿದೆ. "ಬಂದ್ ಮಾಡು." ಟೂಲ್ ಇನ್ನೂ ಬ್ಯಾರಲ್ ಮುಟ್ಟಿರಲಿಲ್ಲ. ಕೂದಲೆಳೆಯಷ್ಟು ದೂರ. ಅವನ ಮುಂದೆ ಬೋಲ್ಟ್ ಇಟ್ಟೆ, ನಂಬರ್ ಮೇಲೆ ಮಾಡಿ. ಓದಿದ. ನನ್ನ ಮುಖ ನೋಡಿದ.

ಭದ್ರಮ್ಮನ ಬೋಲ್ಟ್ ತೆಗೆದುಕೊಂಡು ತಾನೇ ಹೊರಗೆ ಹೋದ. "ನಂದೇ ತಪ್ಪು ಅಕ್ಕಾ. ಬೋಲ್ಟ್ ಅದಲುಬದಲಾಗಿಬಿಟ್ಟಿತ್ತು."

"ನಿಮ್ಮವ್ವ ಇಲ್ದಿದ್ರೆ ನಿಂದೇನ್ ಕತೆ ಕಣಪ್ಪಾ," ಎಂದರು ಭದ್ರಮ್ಮ, ನಗುತ್ತಾ.

ನಾನು ಕಾಫಿ ಲೋಟ ಹಿಡಿದು ನಿಂತಿದ್ದೆ. ಲೋಟ ಕೊಟ್ಟೆ. ತಪ್ಪು ನನ್ನದೆಂದು ಹೇಳಲಿಲ್ಲ.

ಮಧ್ಯಾಹ್ನ ಬ್ಯಾರಲ್ ಮತ್ತೆ ಕೂರಿಸಿದ. ಅದರದೇ ಬೋಲ್ಟ್. ಗೋ — ಮುಚ್ಚಿತು. ನೋ-ಗೋ — ಅರ್ಧಕ್ಕೇ ನಿಂತಿತು. ಒತ್ತಿ ನೋಡಿದೆ. ಜಗ್ಗಲಿಲ್ಲ. ಯಜಮಾನರು ಇದ್ದಾಗ ಹೀಗೇ ನಿಲ್ಲುತ್ತಿತ್ತು.

"ನಿಂತಿತವ್ವಾ," ಎಂದ. ಅಷ್ಟೇ.

ಅಕ್ಟೋಬರ್ 9, ಗುರುವಾರ, ಬೆಳಿಗ್ಗೆ
ನಿದ್ದೆ ಇಲ್ಲ. ಕಮಿಷನರ್ ಆಫೀಸಿಗೆ ಹೊರಟಿದ್ದೇವೆ, ಅವನ ಹೆಸರು ಸೇರಿಸಲು. ಎಲ್ಲಿಗೆ ಎಂದು ಹೇಳಿದಾಗ ತಲೆಯಾಡಿಸಿದ. ಇಸ್ತ್ರಿ ಶರ್ಟು ಹಾಕಿದ್ದಾನೆ. ಅಪ್ಪನ ಹಾಗೆ ತೋಳು ಮಡಚಿಕೊಂಡಿದ್ದಾನೆ. ಬರುವ ವರ್ಷ ತಟ್ಟೆಯಿಂದ ಬೋಲ್ಟ್ ಎತ್ತುವವನು ಅವನು.

ಹೊರಡುವ ಮೊದಲು ಒಂದು ಕೆಲಸ. ಭದ್ರಮ್ಮನ ನಂಬರ್ ಫೋನಿನಲ್ಲಿ ತೆಗೆದಿಟ್ಟಿದ್ದೇನೆ. ಗುರುರಾಜ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾನೆ. ಅವನಿಗೂ ಕೇಳಿಸಲಿ. ಸ್ಪೀಕರ್ ಹಾಕಿ, ಜೋರಾಗಿ—