ಪಕ್ಕದ ಬುಟ್ಟಿಯವಳಿಗೆ

ಕಾರ್ಕಳ,
ಸೋಮವಾರ ಬೆಳಿಗ್ಗೆ

ನನ್ನ ಮೇಲೆ ಮುಖ ಊದಿಸಿಕೊಂಡು ಕೂತಿರುವ ರತ್ನಾವತಿಗೆ,

ಹದಿನೇಳು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಆಗಲಿ ಮಾರಾಯ್ತಿ, ಕೋಪ ಉಂಟು, ಒಪ್ಪಿದೆ. ಅದಕ್ಕೇ ಈ ಕಾಗದ. ನಾವಿಬ್ಬರೂ ಜನ್ಮವಿಡೀ ತುಳುವಿನಲ್ಲೇ ಜಗಳ ಆಡಿದವರು. ಆದರೆ ಕಾಗದ ಅಂದರೆ ಕನ್ನಡದಲ್ಲೇ ಬರೆಯಬೇಕು ಎಂದು ಶಾಲೆಯಲ್ಲಿ ಕಲಿಸಿಬಿಟ್ಟಿದ್ದಾರೆ, ಎಂತ ಮಾಡುವುದು! ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದು. ನಡುವೆ ಬಾಯಿ ಹಾಕಲು ನಿನಗೆ ಆಗುವುದಿಲ್ಲ, ಅದೊಂದು ಲಾಭ ನನಗೆ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಬಚ್ಚಲಲ್ಲಿ ಜಾರಿ ಬಿದ್ದು ಐದು ಗಂಟೆ ಏಳಲಾಗದೆ ಇದ್ದಾಗ ಬಾಗಿಲು ಒಡೆಸಿ ನನ್ನನ್ನು ಎತ್ತಿದವಳು ನೀನು. "ಇನ್ನು ನನ್ನ ಮನೆಯಲ್ಲೇ ಇರು, ನನಗೊಂದು ತುತ್ತು ಇದ್ದರೆ ನಿನಗೂ ಒಂದು ತುತ್ತು" ಎಂದು ನೀನು ಅಂದೆ. ನಾನು ಹೂಂ ಅಂದೆ. ಹೂಂ ಅಂದು, ಎರಡು ತಿಂಗಳಲ್ಲಿ ನಿನಗೆ ಒಂದು ಮಾತೂ ಹೇಳದೆ ಈ ಹಿರಿಯರ ಮನೆಗೆ ಬಂದು ಸೇರಿದೆ. ಕೊನೆಗೆ ಇಲ್ಲಿಯ ಆಫೀಸಿನವರು ಫೋನ್ ಮಾಡಿ "ಕುಶಲಾ ಅವರ ಜವಾಬ್ದಾರಿಗೆ ನಿಮ್ಮ ಹೆಸರು ಕೊಟ್ಟಿದ್ದಾರೆ" ಅಂದಾಗ ನಿನಗೆ ಗೊತ್ತಾಯಿತು. ನಿನ್ನ ಜಾಗದಲ್ಲಿ ನಾನಿದ್ದರೆ ಬೈದು ಊರು ಒಂದು ಮಾಡುತ್ತಿದ್ದೆ. ತಪ್ಪಾಯಿತು ರತ್ನಾ. ನಿನ್ನ ಮುಖ ನೋಡಿ "ಬರುವುದಿಲ್ಲ" ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಮೀನು ಮಾರುವಾಗ ಗಿರಾಕಿಗಳ ಹತ್ತಿರ ಇದ್ದ ಬಾಯಿ ನಿನ್ನೆದುರು ಬರಲಿಲ್ಲ.

ಆದರೆ ಬಂದದ್ದು ತಪ್ಪು ಅಂತ ಮಾತ್ರ ಹೇಳುವುದಿಲ್ಲ. ನಿನ್ನ ಸೊಂಟಕ್ಕೆ ಬೆಲ್ಟು. ನಿನ್ನ ಸೊಸೆ ಚೈತಾಲಿ ಚಿನ್ನದಂಥ ಹುಡುಗಿ, ಬೆಳಿಗ್ಗೆ ಎಂಟಕ್ಕೆ ಮಣಿಪಾಲದ ಬಸ್ಸು ಹಿಡಿದರೆ ಬರುವುದು ಸಂಜೆ ಏಳಕ್ಕೆ. ನಾಳೆ ನನ್ನ ಕಾಲು ಸೋತರೆ ಕಕ್ಕಸಿಗೆ ಕರೆದುಕೊಂಡು ಹೋಗುವವರು ಯಾರು? ನೀನು. ಆಮೇಲೆ ಇಬ್ಬರೂ ಬಚ್ಚಲಲ್ಲಿ ಬೀಳುವುದು, ಅಲ್ವಾ? ಬಾಗಿಲು ಒಡೆಸಲಿಕ್ಕೂ ಜನ ಇಲ್ಲ.

ನಾನು ಕಣ್ಣು ಮುಚ್ಚಿ ಬಂದವಳಲ್ಲ. ಮೀನಿನ ಕಿವಿರು ಎತ್ತಿ ನೋಡದೆ ಬುಟ್ಟಿಗೆ ಹಾಕಿದವಳೇ ಅಲ್ಲ ನಾನು. ಮೊದಲು ಹೋದದ್ದು ಮಣಿಪಾಲದ ಹತ್ತಿರದ ಒಂದು ದೊಡ್ಡ ಜಾಗಕ್ಕೆ. ಗಾಜಿನ ಬಾಗಿಲು, ಎ.ಸಿ., ಬಣ್ಣದ ಪುಸ್ತಕ. ತಿಂಗಳಿಗೆ ಇಪ್ಪತ್ತೈದು ಸಾವಿರ ಎಂದು ಪುಸ್ತಕದಲ್ಲಿತ್ತು. ನಾನು ಕೇಳಿದ್ದು ಒಂದೇ: "ನಾನು ಹಾಸಿಗೆ ಹಿಡಿದರೆ ಎಷ್ಟು?" ಆ ಮನುಷ್ಯ ಪುಸ್ತಕ ತಿರುಗಿಸಿದ, ಕಂಪ್ಯೂಟರ್ ನೋಡಿದ, ಕಡೆಗೆ ಹೇಳಿದ. ನರ್ಸಿಗೆ ಬೇರೆ, ಡೈಪರಿಗೆ ಬೇರೆ, ಆಸ್ಪತ್ರೆಗೆ ಜೊತೆಗೆ ಬರುವವರಿಗೆ ಬೇರೆ. ಕಟ್ಟಿದ ಡಿಪಾಸಿಟ್ ವಾಪಸ್ ಇಲ್ಲ. ಮೇಲೆ ಹೊಳೆಯುವ ಬಂಗುಡೆ, ಕೆಳಗೆ ನಿನ್ನೆಯದ್ದು. ನಾನು ನಮಸ್ಕಾರ ಹಾಕಿ ಎದ್ದು ಬಂದೆ.

ಇಲ್ಲಿಯ ಮ್ಯಾನೇಜರ್ ವಲೇರಿಯನ್ ಎಂಬವರು. ಹದಿನೆಂಟು ಸಾವಿರ ಅಂದರು. ನಾನು ಅಭ್ಯಾಸಬಲದಿಂದ "ಹನ್ನೆರಡಕ್ಕೆ ಕೊಡಿ" ಅಂದೆ. "ಅಮ್ಮಾ, ಇದು ಮಾರ್ಕೆಟ್ ಅಲ್ಲ" ಎಂದು ನಕ್ಕರು. ನಾನು ಬಿಡುತ್ತೇನಾ! ಹದಿನೈದು ದಿನ ಊರಿಗೆ ಹೋದರೆ ಆ ದಿನಗಳ ಊಟದ ಹಣ ಕಳೆಯಬೇಕು ಎಂದು ಬರೆಸಿಕೊಂಡೆ. ಹಾಸಿಗೆ ಹಿಡಿದರೆ ಆರು ಸಾವಿರ ಜಾಸ್ತಿ, ಅದಕ್ಕಿಂತ ಒಂದು ರೂಪಾಯಿ ಹೆಚ್ಚಿಲ್ಲ ಎಂದೂ ಬರೆಸಿಕೊಂಡೆ. ಒಂದು ಲಕ್ಷ ಡಿಪಾಸಿಟ್ ನಾನು ಹೋದ ಮೇಲೆ ವಾಪಸ್ ಬರುತ್ತದೆ. ಅದಕ್ಕೆ ಒಂದು ಜೊತೆ ಚಿನ್ನದ ಬಳೆ ಮಾರಿದೆ. ನಮ್ಮವರು ಮಾಡಿಸಿದ ಸರ ಇನ್ನೂ ಉಂಟು, ಹಾಸಿಗೆ ಹಿಡಿದ ದಿನಕ್ಕೆ ಅದು.

ತಿಂಗಳ ಹಣ ಎಲ್ಲಿಂದ ಎಂದು ಊರಲ್ಲಿ ಕೇಳುವವರಿಗೆ ನೀನೇ ಹೇಳು. ಕಾಪುವಿನ ಮನೆಯ ಬಾಡಿಗೆ ಎಂಟು ಸಾವಿರ. ಬ್ಯಾಂಕಿನಲ್ಲಿಟ್ಟ ಗಂಟಿನ ಬಡ್ಡಿ ಏಳು ಸಾವಿರ. ಆ ಗಂಟು ಆದದ್ದು ಹೇಗೆ, ನಿನಗೆ ಗೊತ್ತುಂಟಲ್ಲ! ಪಿಗ್ಮಿಯ ಅಂಗಾರಣ್ಣ ಉಳಿತಾಯದ ಹಣ ಎತ್ತಲಿಕ್ಕೆ ಮಾರ್ಕೆಟಿಗೆ ದಿನಾ ಬರುವಾಗ "ಇವತ್ತು ವ್ಯಾಪಾರ ಇಲ್ಲ" ಎಂದು ನಾನು ಮುಖ ತಿರುಗಿಸಿದರೆ, ನನ್ನ ಸೊಂಟದ ಚೀಲಕ್ಕೆ ಕೈ ಹಾಕಿ ಐವತ್ತು ರೂಪಾಯಿ ತೆಗೆದು ಕೊಡುತ್ತಿದ್ದವಳು ನೀನು. ಆಗ ನಿನಗೆ ಎಷ್ಟು ಬೈದಿದ್ದೆ! ಈಗ ಅದೇ ನನಗೆ ಅನ್ನ ಹಾಕುತ್ತಿದೆ. ಉಳಿದ ಮೂರು ಸಾವಿರ ಅಕ್ಕನ ಮಗ ಜಿತೇಂದ್ರ ಮಸ್ಕತ್ತಿನಿಂದ ಹಾಕುತ್ತಾನೆ. ಪೂರ್ತಿ ಕೊಡುತ್ತೇನೆ ಅಂದ, ನಾನೇ ಬೇಡ ಅಂದೆ. ಪೂರ್ತಿ ಕೊಟ್ಟವನ ಹತ್ತಿರ ಜಗಳ ಮಾಡಲಿಕ್ಕೆ ಆಗುವುದಿಲ್ಲ.

ಇಲ್ಲಿ ಸುಖ ಉಂಟಾ ಎಂದು ನೀನು ಕೇಳುತ್ತಿ. ಮೊದಲ ಎರಡು ದಿನ ಅತ್ತೆ, ಸುಳ್ಳು ಯಾಕೆ ಹೇಳಲಿ. ಕಡಲಿನ ಸದ್ದು ಇಲ್ಲದೆ ಕಿವಿ ಕೆಟ್ಟ ಹಾಗೆ ಆಗಿತ್ತು. ಮೂರನೆಯ ದಿನ ಮೀನು ಸಾರು ಬಂತು. ಒಂದು ತುತ್ತು ಬಾಯಿಗಿಟ್ಟವಳೇ ಸೀದಾ ಅಡುಗೆಮನೆಗೆ ಹೋದೆ. ಈಗ ಬುಧವಾರ, ಭಾನುವಾರ ಮೀನು ಆರಿಸುವುದು ನಾನು. ಮಾರುವವನಿಗೆ ನನ್ನನ್ನು ಕಂಡರೆ ಬೆವರು.

ಈಗ ವಿಷಯಕ್ಕೆ ಬರುತ್ತೇನೆ. ಇಲ್ಲಿಯ ಕಾನೂನು ಏನೆಂದರೆ, ಹತ್ತಿರದ ಊರಿನವರೊಬ್ಬರು ಫಾರ್ಮಿಗೆ ಸಹಿ ಹಾಕಬೇಕು. ನನಗೆ ಏನಾದರೂ ಆದರೆ ಮೊದಲು ಅವರಿಗೆ ಫೋನ್, ಆಸ್ಪತ್ರೆಯಲ್ಲಿ ಅವರ ಮಾತು, ಕೊನೆಗೆ ಉಸಿರು ನಿಂತ ಮೇಲೆ ನನ್ನನ್ನು ಊರಿಗೆ ಕರೆದುಕೊಂಡು ಹೋಗುವವರೂ ಅವರು. ಜಿತೇಂದ್ರನ ಸಹಿ ನಡೆಯುವುದಿಲ್ಲ, ಅವನು ದೂರ. ಮೂವತ್ತನೇ ತಾರೀಕಿನೊಳಗೆ ಸಹಿ ಆಗದಿದ್ದರೆ ನಾನು ಗಂಟು ಕಟ್ಟಬೇಕು. ಹಣ ಕೊಟ್ಟು ಹಾಸಿಗೆ ತೆಗೆದುಕೊಳ್ಳಬಹುದು, ಊಟ ತೆಗೆದುಕೊಳ್ಳಬಹುದು. ಈ ಒಂದು ಸಹಿಗೆ ಮಾತ್ರ ಎಲ್ಲಿಯೂ ಬೆಲೆ ಬರೆದಿಲ್ಲ, ನಾನು ಹುಡುಕಿ ನೋಡಿದೆ.

ಫಾರ್ಮಿನಲ್ಲಿ "ಸಂಬಂಧ" ಎಂದು ಒಂದು ಜಾಗ ಉಂಟು. ನಾನು "ಪಕ್ಕದ ಬುಟ್ಟಿಯವಳು" ಎಂದು ಬರೆದೆ. ವಲೇರಿಯನ್ನರು ತಲೆ ಕೆರೆದುಕೊಂಡರು. ಅವರಿಗೆ ವಿವರಿಸಿ ಹೇಳಿದೆ: ಮೂವತ್ತೊಂದು ವರ್ಷ ನಮ್ಮ ಬುಟ್ಟಿಗಳು ಒತ್ತಿಗೆ ಇದ್ದವು. ಒಬ್ಬಳು ಚಾ ಕುಡಿಯಲು ಎದ್ದರೆ ಇನ್ನೊಬ್ಬಳು ಎರಡೂ ಬುಟ್ಟಿಯ ವ್ಯಾಪಾರ ಮಾಡುವುದು, ಅವಳ ಹಣ ಬೇರೆಯೇ ಗಂಟು ಕಟ್ಟಿ ಇಡುವುದು. ಒಂದು ದಿನವೂ ಒಂದು ರೂಪಾಯಿ ಆಚೀಚೆ ಆದದ್ದಿಲ್ಲ. ನಮ್ಮವರು ತೀರಿಹೋದ ಹದಿಮೂರು ದಿನವೂ ನನ್ನ ಬುಟ್ಟಿ ಖಾಲಿ ಇರಲಿಲ್ಲ, ಅವಳೇ ನೋಡಿಕೊಂಡಳು. ಆದರೆ ಹೊತ್ತದ್ದು ಮಾತ್ರ ಅವರವರ ಬುಟ್ಟಿಯನ್ನು ಅವರವರೇ. ನಿನ್ನ ಬುಟ್ಟಿಯನ್ನು ನಾನು ಹೊತ್ತದ್ದಿಲ್ಲ, ನನ್ನದನ್ನು ನಿನ್ನ ತಲೆಗೆ ಏರಿಸಿದ್ದೂ ಇಲ್ಲ. ಈಗಲೂ ಏರಿಸುವುದಿಲ್ಲ ರತ್ನಾ, ಅದಕ್ಕೇ ನಿನ್ನ ಮನೆಗೆ ಬರಲಿಲ್ಲ.

ಪಡುಬಿದ್ರೆಯಲ್ಲಿ ಇಳಿದು ಕಾರ್ಕಳದ ಬಸ್ಸು ಹತ್ತು. ಬರುವಾಗ ಒಂದು ಚೆಂಡು ಶಂಕರಪುರ ಮಲ್ಲಿಗೆ ತಾ. ಬಂದು ಎಲ್ಲರೆದುರು ಬೈಯಿ, ಕೇಳುತ್ತೇನೆ. ಆಮೇಲೆ ಸಹಿ ಹಾಕು. ನಿನ್ನ ಹತ್ತಿರ ಅನ್ನ ಕೇಳುವುದಿಲ್ಲ, ಹಣ ಕೇಳುವುದಿಲ್ಲ. ಚಾ ಕುಡಿಯಲು ಏಳುವಾಗ ದಿನಾ ಕೇಳುತ್ತಿದ್ದುದನ್ನೇ ಇನ್ನೊಮ್ಮೆ ಕೇಳುತ್ತೇನೆ: ನಾನು ಏಳುವ ಹೊತ್ತಾಯಿತು ಮಾರಾಯ್ತಿ, ನನ್ನ ಬುಟ್ಟಿ ಸ್ವಲ್ಪ ನೋಡಿಕೋ.

ಕಾಪುವಿನ ಮಾರಿಯಮ್ಮ ನಿನ್ನ ಸೊಂಟಕ್ಕೆ ಬಲ ಕೊಡಲಿ, ಸಿಟ್ಟಿಗೆ ಮಾತ್ರ ಕೊಡದಿರಲಿ.

ಬಸ್‌ಸ್ಟ್ಯಾಂಡಿನ ದಾರಿ ನೋಡುತ್ತಿರುವ,
ನಿನ್ನ ಕುಶಲಾ