ಹಳದಿ ಗೆರೆಯ ಈಚೆ

ಅರಸೀಕೆರೆ
೧೯ ಜನವರಿ ೨೦೨೫, ಭಾನುವಾರ

ಮಗಳು ಮೇಘಶ್ರೀಗೆ,

ಅಪ್ಪ ಕಾಗದ ಬರೆದಿದ್ದಾನೆಂದರೆ ಯಾರಿಗೋ ಏನೋ ಆಗಿದೆ ಎಂದು ಗಾಬರಿಯಾಗಬೇಡ. ನಿನ್ನ ಅಮ್ಮ ಗಟ್ಟಿಯಾಗಿದ್ದಾಳೆ, ನಾನೂ ಇದ್ದೇನೆ. ಫೋನಿನಲ್ಲಿ ‘ಊಟ ಆಯ್ತಾ’ ಎಂದು ಕೇಳಿದ ಮೇಲೆ ನನಗೆ ಮುಂದಿನ ಮಾತು ಹೊಳೆಯುವುದಿಲ್ಲ. ನೀನೂ ‘ಅಮ್ಮಂಗೆ ಕೊಡಪ್ಪ’ ಎನ್ನುತ್ತೀಯ. ಅದಕ್ಕೇ ಬರೆಯಲು ಕೂತೆ.

ಅಮ್ಮ ಹೇಳಿರಬಹುದು, ಆರು ತಿಂಗಳಿಂದ ಪ್ರತಿ ಶನಿವಾರ ಮಧ್ಯಾಹ್ನ ಅಂಗಡಿ ಮುಚ್ಚಿ ಹೈಸ್ಕೂಲಿಗೆ ಹೋಗುತ್ತಿದ್ದೇನೆ. ಅಲ್ಲಿ ಮೇಧಿನಿ ಎಂಬ ವಿಜ್ಞಾನದ ಮೇಡಂ ಒಂಬತ್ತನೇ ಕ್ಲಾಸಿನ ನಾಲ್ವರು ಹುಡುಗಿಯರನ್ನು ಸೇರಿಸಿ ರೋಬೋಟ್ ತಂಡ ಕಟ್ಟಿದ್ದಾರೆ. ಹೇಳಿಕೊಡಲು ಊರಿನ ಅಂಗಡಿಯವರನ್ನೇ ಕೇಳಿಕೊಂಡರು. ಚಕ್ರಕ್ಕೆ ಸೈಕಲ್ ಶಾಪಿನ ಜವರಯ್ಯ, ಪ್ರೋಗ್ರಾಮಿಗೆ ಕಂಪ್ಯೂಟರ್ ಅಂಗಡಿಯ ಕಿರಣ್, ಮೋಟರು ವೈರಿಗೆ ವೈಂಡಿಂಗ್ ಅಂಗಡಿಯ ನಾನು. ಮೊದಲ ದಿನ ಒಂದಿಷ್ಟು ಹಳೇ ವೈರು ಕೊಟ್ಟು ಬರೋಣವೆಂದು ಹೋದವನು ಸಂಜೆ ಆರರವರೆಗೂ ಅಲ್ಲೇ ಕೂತುಬಿಟ್ಟೆ.

ಆ ಮಕ್ಕಳು ಮಾಡಿದ್ದು ಒಂದು ಪುಟ್ಟ ಗಾಡಿ. ಕಪ್ಪು ಟೇಪಿನ ಗೆರೆ ಹಿಡಿದು ತಾನೇ ಓಡಿ, ಒಂದೊಂದೇ ತೆಂಗಿನಕಾಯಿ ಹೊತ್ತು ತಂದು ಬುಟ್ಟಿಗೆ ಹಾಕುತ್ತದೆ. ನಿನ್ನೆ ಬೇಲೂರಿನಲ್ಲಿ ಸ್ಪರ್ಧೆಯಿತ್ತು. ನಿನ್ನ ಊರಿಗೇ ಬಂದೂ ನಿನಗೊಂದು ಮಾತು ಹೇಳಲಿಲ್ಲ. ಮಕ್ಕಳ ಜೊತೆ ಬಿಡುವಾಗಲಿಲ್ಲ, ಬೇಸರ ಮಾಡಿಕೊಳ್ಳಬೇಡ.

ತಂಡದಲ್ಲಿ ನಯನಾ ಎಂಬ ಹುಡುಗಿಯಿದ್ದಾಳೆ. ಹಳೇಬೀಡು ದಾಟುವಾಗ ಬಸ್ಸು ಕುಲುಕಾಡಿದ್ದಕ್ಕೆ ಗಾಡಿಗೆ ಏನಾದೀತೋ ಎಂದು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡೇ ಬಂದಳು. ಆದರೂ ಎರಡನೇ ಸುತ್ತಿನಲ್ಲಿ ಗಾಡಿ ನಡುವೆಯೇ ನಿಂತಿತು. ಮೋಟರಿನ ವೈರು ಬೆಸುಗೆ ಬಿಟ್ಟಿತ್ತು. ಹೇಳಿಕೊಡುವವರು ನಿಲ್ಲಲು ನೆಲದ ಮೇಲೆ ಹಳದಿ ಗೆರೆ ಎಳೆದಿದ್ದರು. ನನ್ನ ಕಾಲು ತಾನಾಗಿಯೇ ಮುಂದೆ ಹೋಯಿತು.

“ಸಾರ್, ದಾಟ್ಬೇಡಿ! ನಮ್ಮನ್ನ ಆಚೆಗ್ ಹಾಕ್ತಾರೆ. ನಾನೇ ಮಾಡ್ತೀನಿ,” ಎಂದಳು ನಯನಾ, ತಲೆಯನ್ನೂ ಎತ್ತದೆ.

ಬೆಸುಗೆಯ ಕಡ್ಡಿ ಹಿಡಿದು ಗಾಡಿಯ ಮೇಲೆ ಬಗ್ಗಿದಳು. ಮೊದಲ ಸಲ ಬೆಸುಗೆ ಹಿಡಿಯಲಿಲ್ಲ, ಎರಡನೇ ಸಲವೂ ಇಲ್ಲ. ಪಕ್ಕದಲ್ಲಿದ್ದ ಜವರಯ್ಯ ನನ್ನ ತೋಳು ತಿವಿದ. “ಟೈಮ್ ಓಯ್ತಾ ಐತೆ. ನೀವೇ ಒಂದ್ಸಲ ಕೈ ಇಟ್ಬುಡಿ ಜಯದೇವಪ್ಪ, ಯಾರ್ ನೋಡ್ತಾರೆ?”

“ಬ್ಯಾಡ ಕಣಯ್ಯ, ಅವಳೇ ಮಾಡ್ತಾಳೆ,” ಎಂದೆ.

ಹಾಗೆಂದವನು ನಾನೇನಾ ಅನ್ನಿಸಿತು, ಮೇಘಾ. ನಿನ್ನ ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆ ಕಣ್ಣಿಗೆ ಬಂತು. ನೀನು ‘ಅಪ್ಪ, ಒಂದ್ಸಲ ನಾನ್ ಸುತ್ತುತ್ತೀನಿ’ ಎಂದು ಮೋಟರಿನ ಕಾಯಿಲ್ ಕೈಗೆ ತೆಗೆದುಕೊಂಡಿದ್ದೆ. ನಾನು ಗಿರಾಕಿಗಳ ಎದುರಿಗೇ ಅದನ್ನು ಕಿತ್ತುಕೊಂಡು, ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ, ಒಳಗೆ ಹೋಗು ಎಂದೆ. ತಂತಿ ಎಳೆದ ರಭಸಕ್ಕೆ ನಿನ್ನ ಬೆರಳು ಕುಯ್ದುಹೋಗಿತ್ತು. ನೀನು ಅಳಲೂ ಇಲ್ಲ. ಅಂದಿನಿಂದ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ಇನ್ನೊಂದು ಸಂಗತಿ ನಿನಗೆ ಗೊತ್ತಿಲ್ಲ. ನಿನ್ನ ಅಮ್ಮನಿಗೂ ಗೊತ್ತಿಲ್ಲ. ಆ ವರ್ಷ ನೀನು ಡಿಪ್ಲೊಮಾಗೆಂದು ತುಂಬಿ ಕೊಟ್ಟ ಅರ್ಜಿಯನ್ನು ನಾನು ಕಾಲೇಜಿಗೆ ಕೊಡಲೇ ಇಲ್ಲ. ಕೊನೇ ದಿನ ದಾಟುವವರೆಗೂ ಅಂಗಡಿಯ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದು, ಆಮೇಲೆ ಸೀಟು ಸಿಗಲಿಲ್ಲವಂತೆ ಎಂದು ಹೇಳಿದೆ. ಗಣಿತಕ್ಕೆ ತೊಂಬತ್ತಾರು ತೆಗೆದ ನೀನು ‘ನಂದೇ ಕಮ್ಮಿ ಆಯ್ತೇನೋ ಬಿಡಪ್ಪ’ ಎಂದು ನನಗೇ ಸಮಾಧಾನ ಹೇಳಿದೆ. ಹನ್ನೊಂದು ವರ್ಷವಾಯಿತು. ಕಡಿಮೆಯಾದದ್ದು ನಿನ್ನದಲ್ಲ ಮಗಳೇ.

ನಯನಾ ಮೂರನೇ ಸಲಕ್ಕೆ ಬೆಸುಗೆ ಹಾಕಿದಳು. ಗಾಡಿ ಓಡಿತು. ಐದು ಕಾಯಲ್ಲಿ ಮೂರು ಬುಟ್ಟಿಗೆ ಬೀಳುವಷ್ಟರಲ್ಲಿ ಹೊತ್ತು ಮುಗಿಯಿತು. ಎಂಟು ತಂಡಗಳಲ್ಲಿ ಐದನೆಯವರಾದೆವು. ಮಕ್ಕಳು ಸ್ವಲ್ಪ ಅತ್ತರು. ವಾಪಸ್ ಬರುವ ಬಸ್ಸಿನಲ್ಲಿ ಆಗಲೇ ಮುಂದಿನ ವರ್ಷದ ಗಾಡಿಗೆ ಎಷ್ಟು ಚಕ್ರ ಇರಬೇಕೆಂದು ಜಗಳ ಶುರುವಾಗಿತ್ತು. ನಾನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಹೊರಗೆ ಏನೂ ಕಾಣುತ್ತಿರಲಿಲ್ಲ.

ಕ್ಷಮಿಸು ಎಂದು ಕೇಳುವುದಿಲ್ಲ, ಕೇಳಿದರೆ ಕ್ಷಮಿಸಬೇಕಾದ ಭಾರ ನಿನ್ನ ಮೇಲೆ ಬೀಳುತ್ತದೆ. ಆದರೆ ಆ ಮಕ್ಕಳಲ್ಲಿ ಯಾರು ಸ್ಕ್ರೂಡ್ರೈವರ್ ಹಿಡಿದರೂ ನೀನು ಹೀಗೇ ಹಿಡಿಯುತ್ತಿದ್ದೆಯಾ ಎಂದು ನೋಡುತ್ತೇನೆ. ಪ್ರತಿ ಶನಿವಾರವೂ ನೋಡುತ್ತೇನೆ.

ಅಳಿಯಂದಿರಿಗೆ ನನ್ನ ಶುಭಾಶಯ ಹೇಳು. ಚೆನ್ನಾಗಿರು.

ನಿನ್ನ ಅಪ್ಪ,
ಜಯದೇವಪ್ಪ

ವಿ.ಸೂ.: ಬಿಡುವಾಗಲಿಲ್ಲ ಎಂದು ಬರೆದದ್ದು ಸುಳ್ಳು. ಸ್ಪರ್ಧೆ ಮುಗಿದ ಮೇಲೆ ಮೇಡಂ ಮಕ್ಕಳನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋದರು, ನಾನು ನಿನ್ನ ಬೀದಿಗೆ ಬಂದೆ. ನೀನು ಜಗಲಿಯ ಮೇಲೆ ಯಾರದೋ ಮಿಕ್ಸಿ ಬಿಚ್ಚಿ ಹರಡಿಕೊಂಡು ಕೂತಿದ್ದೆ. ಪಕ್ಕದಲ್ಲಿ ನಿಂತಿದ್ದ ಹೆಂಗಸು ‘ಸರಿ ಹೋಯ್ತದಾ ಮೇಘಕ್ಕ?’ ಎಂದು ಕೇಳುತ್ತಿದ್ದರು. ನೀನು ಸ್ವಿಚ್ ಹಾಕಿದೆ, ಅದು ತಿರುಗಿತು, ನೀನು ನಕ್ಕೆ. ನಿಂತಿದ್ದ ಒಂದು ಆಟೋದ ಹಿಂದಿನಿಂದ ಅಷ್ಟನ್ನು ನೋಡಿ ಬಸ್ ಸ್ಟ್ಯಾಂಡಿಗೆ ವಾಪಸ್ ನಡೆದೆ. ಕರೆಯಲು ಧೈರ್ಯ ಬರಲಿಲ್ಲ. ಒಂದು ಭಾನುವಾರ ಬರಲೇ?