ಶಿಖರಜಿ ಏರುವ ಬೂಟು

ಶೇಡಬಾಳ
೨೨-೧-೧೯೮೯

ಯಜಮಾನರಿಗೆ ರಾಜಮತಿಯ ಜಯ ಜಿನೇಂದ್ರ.

ಕಾಳಿ ಕಣಿವೆಯ ಕಾಡಿನಲ್ಲಿ ಸರ್ವೆ ಮಾಡುತ್ತ ಆರೋಗ್ಯದಿಂದ ಇದ್ದೀರೆಂದು ನಂಬಿದ್ದೇನೆ. ಕೆಮ್ಮು ಹೋಯಿತೇ? ಹೊತ್ತು ಮುಳುಗುವುದರೊಳಗೆ ಊಟ ಮಾಡುತ್ತೀರೋ ಅಥವಾ ಕಾಡಿನಲ್ಲಿ ಯಾರು ನೋಡುತ್ತಾರೆಂದು ಬಿಟ್ಟಿದ್ದೀರೋ? ಇಲ್ಲಿ ಎಲ್ಲರೂ ಕ್ಷೇಮ, ನನ್ನ ತಲೆಯೊಂದನ್ನು ಬಿಟ್ಟು. ಅದು ಕೆಟ್ಟಿದ್ದಕ್ಕೆ ಕಾರಣ ನೀವು ಮತ್ತು ನಿಮ್ಮ ತಾಯಿ.

ಮುಂದಿನ ತಿಂಗಳು ಅತ್ತೆ ಸಂಘದವರ ಜೊತೆ ಸಮ್ಮೇದ ಶಿಖರಜಿ ಯಾತ್ರೆಗೆ ಹೊರಟಿದ್ದಾರೆ, ಇಪ್ಪತ್ತೇಳು ಕಿಲೋಮೀಟರ್ ಗುಡ್ಡದ ದಾರಿ, ಕಾಲಿಗೆ ಏನು ಹಾಕಿಸಲಿ ಎಂದು ನಾನು ಕೇಳಿದ್ದು ಒಂದೇ ಸಾಲು. ನೀವು ಬರೆದದ್ದು ನಾಲ್ಕು ಪುಟ. ಗುಡ್ಡ ಹತ್ತುವವರ ಬೂಟು ಹಿಮ್ಮಡಿಯನ್ನು ಬಿಗಿಯಾಗಿ ಹಿಡಿಯಬೇಕು, ಬೆರಳಿಗೆ ಜಾಗ ಇರಬೇಕು, ಅಳತೆಯನ್ನು ಸಂಜೆಯೇ ತೆಗೆಯಬೇಕು, ಮೂರು ವಾರ ಮೊದಲೇ ಹಾಕಿಕೊಂಡು ನಡೆದು ರೂಢಿ ಮಾಡಬೇಕು. ಎಲ್ಲ ಸರಿ ಸ್ವಾಮಿ. ಅಷ್ಟೆಲ್ಲ ಬರೆದು ಕಳಿಸಿದ್ದು ಮಾತ್ರ ಚರ್ಮದ ಬೂಟು! ಜೈನರ ಮನೆಗೆ, ಅದೂ ಶಿಖರಜಿ ಏರಲು! ಸಂಕ್ರಾಂತಿಯ ಮರುದಿನ ಪಡಸಾಲೆಯಲ್ಲಿ ಎಲ್ಲರ ಎದುರು ಪಾರ್ಸಲ್ ಬಿಚ್ಚಿದೆ. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಇದರಾಗ ಯಾವ ಆಕಳ ಐತೋ, ಯಾವ ಎಮ್ಮಿ ಐತೋ! ನನ್ನ ಮಗ ಪಾರಿಸಗ ಬುದ್ಧಿ ಎಲ್ಲಿ ಹೋಗೈತಿ?" ಎಂದು ಸೀದಾ ಬಚ್ಚಲಿಗೆ ನಡೆದರು. ನಾನು ಪಡಸಾಲೆ ತೊಳೆದೆ. ಬೂಟು ಈಗ ಕೊಟ್ಟಿಗೆಯ ಹೊರಗಿದೆ. ಕಬ್ಬಿಗೆ ನೀರು ಹಾಯಿಸುವ ಆಳು ಮಲಕಾರಿಗೆ ಕೊಡೋಣವೆಂದರೆ ಅವನ ಹೆಬ್ಬೆರಳು ಕೂಡ ಒಳಗೆ ಹೋಗುವುದಿಲ್ಲ.

ಆಮೇಲೆ ಅತ್ತೆಯ ಪಾದವನ್ನು ಕಾಗದದ ಮೇಲೆ ಗೆರೆ ಎಳೆದುಕೊಂಡು ಬಸ್ ಹತ್ತಿ ನಿಪ್ಪಾಣಿಗೆ ಹೋಗಿ ಬಟ್ಟೆಯ ಬೂಟು ತಂದೆ, ಶಾಲೆ ಮಕ್ಕಳು ಆಟಕ್ಕೆ ಹಾಕುವಂಥದ್ದು, ರಬ್ಬರ್ ತಳದ್ದು. ಗೆರೆ ಎಳೆದದ್ದು ಬೆಳಗ್ಗೆ, ಹಾಕಿ ನೋಡಿದ್ದು ಸಂಜೆ. ಕಾಲು ಬಾತುಕೊಂಡು ಒಳಗೇ ಹೋಗಲಿಲ್ಲ. ನೀವು ಬರೆದದ್ದೇ ನಿಜವಾಯಿತು, ಹಿಗ್ಗಬೇಡಿ. ಮತ್ತೆ ಹೋಗಿ ಒಂದು ನಂಬರ್ ದೊಡ್ಡದಕ್ಕೆ ಬದಲಾಯಿಸಿ, ಎರಡು ಜೊತೆ ನೂಲಿನ ಕಾಲುಚೀಲವನ್ನೂ ತಂದೆ.

ಇಷ್ಟು ಒದ್ದಾಟ ಏಕೆಂದು ನಿಮಗೆ ಗೊತ್ತು. ದೀಪಾವಳಿಯಲ್ಲಿ ಅತ್ತೆಯ ಅಂಗಾಲಿಗೆ ಜಾಲಿಮುಳ್ಳು ಹೊಕ್ಕಿತ್ತು. ಸಕ್ಕರೆ ಕಾಯಿಲೆಯ ಕಾಲು, ಅವರಿಗೆ ಗೊತ್ತೇ ಆಗಿರಲಿಲ್ಲ. ಮೂರನೆಯ ದಿನ ಅಂಗಳದಲ್ಲಿ ಕೀವಿನ ಕಲೆ ಕಂಡು ನಾನೇ ಹಿಡಿದು ಕೂರಿಸಿ ನೋಡಿದೆ. ಇನ್ನೊಮ್ಮೆ ಹೀಗಾದರೆ ಬೆರಳಲ್ಲ, ಪಾದವನ್ನೇ ತೆಗೆಯಬೇಕಾದೀತು ಎಂದು ಡಾಕ್ಟರು ನನ್ನನ್ನು ಗದರಿಸಿದರು, ಅತ್ತೆಯನ್ನಲ್ಲ. ಡೋಲಿಯಲ್ಲಿ ಹೋಗಿ ಎಂದು ನಾನು ಹೇಳಿ ನೋಡಿದೆ. "ಜೀವ ಇದ್ದಾಗ ನಾಕ ಮಂದಿ ಹೆಗಲ ಯಾಕ ಬೇಕಬೇ?" ಅಂದರು.

ಬೂಟಿಗೆ ಮಾತ್ರ ಒಪ್ಪಿದರು. ದಿನಾ ಬೆಳಗ್ಗೆ ನನ್ನೆದುರೇ ಹಾಕಿಕೊಂಡು, ದ್ರಾಕ್ಷಿ ತೋಟದವರೆಗೆ ನಡೆದು ರೂಢಿ ಮಾಡಿಕೊಂಡು ಬರುತ್ತಿದ್ದರು. ನನಗೂ ಸಮಾಧಾನ. ನಿನ್ನೆ ಬೂಟನ್ನು ಬಿಸಿಲಿಗಿಡಲು ಎತ್ತಿದರೆ, ನಾಲ್ಕು ದಿನ ನಡೆದ ತಳ ಅಂಗಡಿಯಿಂದ ತಂದಷ್ಟೇ ಸ್ವಚ್ಛ! ಅಜ್ಜಿಯ ಜೊತೆ ಹೋಗುತ್ತಿದ್ದ ಮಗಳು ಸುಗಂಧಾಳನ್ನು ಕೇಳಿದೆ. ಬಾವಿ ದಾಟಿದ ಕೂಡಲೇ ಆಯಿ ಬೂಟು ಬಿಚ್ಚಿ ಸೆರಗಿನಲ್ಲಿ ಸುತ್ತಿಕೊಂಡು ಬರಿಗಾಲಲ್ಲಿ ನಡೆಯುತ್ತಾಳಂತೆ, ಬರುವಾಗ ಬಾವಿಯ ಹತ್ತಿರ ಕಾಲು ತೊಳೆದು ಮತ್ತೆ ಹಾಕಿಕೊಳ್ಳುತ್ತಾಳಂತೆ. ಅರವತ್ತೆಂಟು ವರ್ಷದ ಹೆಂಗಸು!

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒದರಾಡಿದೆ, ಕೊನೆಗೆ ಅತ್ತುಬಿಟ್ಟೆ. ಆಗ ಬಾಯಿ ಬಿಟ್ಟರು. ನಿಮಗೆ ಹನ್ನೊಂದು ವರ್ಷವಿದ್ದಾಗ ವಿಷಮಜ್ವರ ಬಂದು ಮಿರಜ ದವಾಖಾನೆಯಲ್ಲಿ ಇಪ್ಪತ್ತೊಂದು ದಿನ ಮಲಗಿದ್ದಿರಲ್ಲ, ಆಗ ಹೊತ್ತ ಹರಕೆಯಂತೆ. ಮಗ ಎದ್ದು ಕೂತರೆ ಬರಿಗಾಲಲ್ಲಿ ಶಿಖರಜಿ ಏರುತ್ತೇನೆ ಎಂದು. ಮಾವನವರಿಗೂ ಹೇಳಿರಲಿಲ್ಲವಂತೆ. "ಮಗನ ಜೀವಾ ಇಸಗೊಂಡ, ಈಗ ಕಾಲ ನೋಯ್ತೈತಿ ಅಂದ್ರ ಹೆಂಗ?" ಎಂದು ಕೇಳಿದರು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡಂತಾಗಿದೆ, ನುಂಗುವಂತಿಲ್ಲ, ಉಗುಳುವಂತಿಲ್ಲ. ಆ ಕಾಲಿನಲ್ಲಿ ಅವರು ಬರಿಗಾಲಲ್ಲಿ ಏರುವುದನ್ನು ನೆನೆದರೆ ಭಯವಾಗುತ್ತದೆ.

ಸುಗಂಧಾಳ ನಮಸ್ಕಾರ, ಅತ್ತೆಯ ಆಶೀರ್ವಾದ. ಚರ್ಮದ ಬೂಟಿನ ಸಿಟ್ಟು ಇನ್ನೂ ಇಳಿದಿಲ್ಲವಾದ್ದರಿಂದ ಆಶೀರ್ವಾದ ಸ್ವಲ್ಪ ಕಡಿಮೆ ಇದೆ.

ನಿಮ್ಮ
ರಾಜಮತಿ

ತಾ.ಕ.: ಪಾಕೀಟಿಗೆ ಅಂಟು ಹಚ್ಚುವಷ್ಟರಲ್ಲಿ ಅತ್ತೆ ಬಂದು, ಏನು ಬರೆದೆ, ಓದು ಅಂದರು. ಓದಿದೆ. ಕೇಳಿ, "ಜೀವಾ ಉಳದದ್ದು ಅವಂದು. ನನ್ನ ಬದಲಿ ಅಂವಾ ಬರಿಗಾಲ್ಲೆ ಏರಿದರ ಹರಕಿ ಮುಟ್ಟತೈತಿ. ನಾ ಅವನ ಹಿಂದ ಬೂಟ ಹಾಕ್ಕೊಂಡ ಬರತೀನಿ" ಅಂದರು. ಫೆಬ್ರವರಿ ೧೮ಕ್ಕೆ ಮಿರಜಿನಿಂದ ರೈಲು. ನಿಮ್ಮ ಹೆಸರನ್ನು ಸಂಘದವರಿಗೆ ಕೊಟ್ಟಾಗಿದೆ, ಹದಿನೈದು ದಿನ ರಜೆ ಹಾಕಿ ಬನ್ನಿ. ಮೂರು ವಾರ ಮೊದಲೇ ರೂಢಿ ಮಾಡಬೇಕೆಂದು ನೀವೇ ಬರೆದಿದ್ದೀರಿ. ಈ ಕಾಗದ ಕೈಗೆ ಬಂದ ಕೂಡಲೇ ಬೂಟು ಬಿಚ್ಚಿಡಿ.